ತೊಟ್ಟಿಲು ಖಾಲಿ ತರಬಾರದು

ಜಗತ್ತಿನಲ್ಲಿ ಎಲ್ಲಕ್ಕಿಂತ ಬೆಲೆಯಿಲ್ಲದ ಪ್ರಾಣಿ ಯಾವುದು ಎಂದು ಯಾರಾದರೂ ಕೇಳಿದರೆ, ಪ್ರಾಣಿಗಳ ಹೆಸರಿನಲ್ಲೇ ಸರಕಾರದ ಸಂಬಳ ಎಣಿಸುವ ನಾನು ತಡಮಾಡದೆ ಉತ್ತರ ಹೇಳಬಲ್ಲೆ. ಅದು ಚೊಚ್ಚಲ ಬಸುರಿಯ ಗಂಡ. ಬೀದಿನಾಯಿಯನ್ನಾದರೂ ಯಾರಾದರೊಬ್ಬರು ಹಚಾ ಎಂದು ಮಾತನಾಡಿಸುತ್ತಾರೆ. ಇವನಿಗೆ ಆ ಭಾಗ್ಯವೂ ಇಲ್ಲ. ಹೆಂಡತಿಗೆ ವಾಕರಿಕೆ ಶುರುವಾದ ದಿನದಿಂದ ಕೂಸನ್ನು ತೊಟ್ಟಿಲಿಗೆ ಹಾಕುವ ದಿನದವರೆಗೆ ಮನೆಯಲ್ಲಿ ಇವನ ಸ್ಥಾನ ಮೂಲೆಯಲ್ಲಿಟ್ಟ ಕೊಡೆಯದು. ಇದೆಯೆಂದು ಎಲ್ಲರಿಗೂ ಗೊತ್ತು, ಮಳೆ ಬಂದರೆ ನೋಡೋಣ ಎಂದು ಎಲ್ಲರೂ ಬಿಟ್ಟಿರುತ್ತಾರೆ. ನನ್ನ ಮಗಳು ಈಗ ಕುಷ್ಟಗಿಯಲ್ಲಿ ಶಾಲೆಗೆ ಹೋಗುತ್ತಾಳೆ, ಮಗ್ಗಿ ಹೇಳುತ್ತಾಳೆ, ನನಗೇ ತಿರುಗಿ ಉತ್ತರ ಕೊಡುತ್ತಾಳೆ. ಆದರೂ ಅವಳು ಹುಟ್ಟುವ ಮುಂಚಿನ ಆ ತಿಂಗಳುಗಳನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ನನ್ನ ಹೆಂಡತಿ ಕಮಲಾ ಹಳೆಯದನ್ನೆಲ್ಲ ಎಷ್ಟು ಸಲ ಕೆದಕುತ್ತೀರಿ ಎಂದು ಬೈಯುತ್ತಾಳೆ. ಅವಳಿಗೇನು, ಆಗ ಅವಳನ್ನು ಎಲ್ಲರೂ ಮಾತನಾಡಿಸುತ್ತಿದ್ದರು.

ನನ್ನ ಸಿಟ್ಟು ನ್ಯಾಯವಾದದ್ದೆಂದು ನಿಮಗೆ ಮನವರಿಕೆಯಾಗಬೇಕಾದರೆ ನನ್ನ ನೌಕರಿಯ ವಿಷಯ ಹೇಳಬೇಕು. ನಾನು ಆಗಲೂ ಈಗಲೂ ದನದ ದವಾಖಾನೆಯಲ್ಲಿ ಸ್ಟಾಕ್‌ಮನ್, ಎಂದರೆ ಡಾಕ್ಟರ ಕೈಕೆಳಗಿನವನು. ದೊಡ್ಡ ಡಾಕ್ಟರು ಬೇರೆ ಇರುತ್ತಾರೆ, ಆದರೆ ಅವರಿಗೆ ರಾಯಚೂರಿನಲ್ಲಿ ಮೀಟಿಂಗು ಇರುತ್ತದೆ. ಆದ್ದರಿಂದ ಕುಷ್ಟಗಿ ಸುತ್ತಲಿನ ಹಳ್ಳಿಗಳ ಪಾಲಿಗೆ ಸೈಕಲ್ ತುಳಿದುಕೊಂಡು ಬರುವ ನಾನೇ ಡಾಕ್ಟರು. ಕರು ಅಡ್ಡ ತಿರುಗಿದರೆ ನಾನು ಬೇಕು, ಹಿಂಗಾಲು ಮೊದಲು ಬಂದರೆ ನಾನು ಬೇಕು, ಮಾಸು ಬೀಳದೆ ನಿಂತರೂ ನಾನೇ ಬೇಕು. ಊರಿಗೆಲ್ಲ ನ್ಯಾಯ ಹೇಳುವ ಗೌಡರು ತಮ್ಮ ಎಮ್ಮೆಯ ತಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ನಾನು ಏನು ಹೇಳುತ್ತೇನೋ ಎಂದು ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಬಿಸಿನೀರು ಎಂದರೆ ಓಣಿಯ ಒಲೆಗಳೆಲ್ಲ ಉರಿಯುತ್ತಿದ್ದವು. ನಾನು ಸುಮ್ಮನಿರಿ ಎಂದರೆ ಜಗಳಗಂಟಿ ಅತ್ತೆ-ಸೊಸೆಯರೂ ಸುಮ್ಮನಾಗುತ್ತಿದ್ದರು. ಹೆರಿಗೆ ಎಂಬ ವಿಷಯದಲ್ಲಿ ಮೂರ್ನಾಲ್ಕು ತಾಲೂಕಿನಲ್ಲಿ ಇಷ್ಟು ಮರ್ಯಾದೆ ಗಳಿಸಿದ್ದ ಮನುಷ್ಯ ನಾನು.

ಅಂಥವನು ನನ್ನ ಹೆಂಡತಿಗೆ ದಿನಾ ಒಂದಿಷ್ಟು ಹಸಿ ಸೊಪ್ಪು-ತಪ್ಪಲು ತಿನ್ನಲು ಕೊಡಿರಿ, ಸುಣ್ಣದ ಅಂಶ ಬೇಕು ಎಂದು ಒಂದೇ ಒಂದು ಮಾತು ಆಡಿದೆ. ಆಗ ಅವ್ವ ಯಲಬುರ್ಗಾದಿಂದ ಬಂದು ನಮ್ಮ ಜೊತೆ ಇದ್ದಳು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ಯಪ್ಪಾ, ಆಕಿ ಎಮ್ಮಿ ಅಲ್ಲ. ನಿನ್ನ ದವಾಖಾನಿ ಮಾತು ದವಾಖಾನ್ಯಾಗ ಇಟ್ಟು ಬಾ."

ಅಷ್ಟೇ. ಮತ್ತೆ ರೊಟ್ಟಿಯ ಸದ್ದು ಶುರುವಾಯಿತು. ಒಳಗಿನ ಕೋಣೆಯಲ್ಲಿ ಕಮಲಾ ನಕ್ಕದ್ದು ನನಗೆ ಕೇಳಿಸಿತು. ಅಂದಿನಿಂದ ನಾನು ಏನು ಹೇಳಿದರೂ ಎಮ್ಮೆ ಅಡ್ಡ ಬರುತ್ತಿತ್ತು. ಸ್ವಲ್ಪ ತಿರುಗಾಡಲಿ ಎಂದರೆ ಎಮ್ಮೆ. ಎಡ ಮಗ್ಗುಲಿಗೆ ಮಲಗಲಿ ಎಂದರೆ ಎಮ್ಮೆ. ತಿಂಗಳ ಲೆಕ್ಕವನ್ನು ಸರಿಯಾಗಿ ಹಾಕೋಣ ಎಂದದ್ದಕ್ಕೆ, ಎಮ್ಮೆಗೆ ಹತ್ತು ತಿಂಗಳು ಆಗುತ್ತದೆಂದು ನಮಗೂ ಗೊತ್ತು ಎಂದು ಪಕ್ಕದ ಮನೆಯ ಮುದುಕಿ ಗೋಡೆಯಾಚೆಯಿಂದ ಹೇಳಿದಳು. ಎಂಥ ಅನ್ಯಾಯ ನೋಡಿ. ಅದೇ ಮುದುಕಿಯ ಆಕಳು ಕರು ಹಾಕಲಾರದೆ ಒದ್ದಾಡಿದಾಗ ಭುಜದವರೆಗೆ ಕೈ ಹಾಕಿ ಕರು ತಿರುಗಿಸಿದವನು ನಾನು.

ಇಷ್ಟಾದರೂ ನಾನು ಯಾತಕ್ಕೂ ಬೇಡವಾಗಿರಲಿಲ್ಲ. ಬಸುರಿಯ ಗಂಡನಿಗೆ ಮಾಡಬೇಕಾದದ್ದು ಒಂದೂ ಇಲ್ಲದಿದ್ದರೂ ಮಾಡಬಾರದ್ದು ಬೇಕಾದಷ್ಟಿದೆ. ತಲೆಗೂದಲು ಕತ್ತರಿಸಬಾರದು. ಗಡ್ಡ ತೆಗೆಯಬಾರದು. ಕಾಯಿ ಒಡೆಯಬಾರದು. ಹೆಣಕ್ಕೆ ಹೆಗಲು ಕೊಡಬಾರದು. ಮನೆಗೆ ಹೊಸ ಮೊಳೆ ಸಹ ಹೊಡೆಯಬಾರದು. ಇವನ್ನೆಲ್ಲ ಪಾಲಿಸುತ್ತ ನಾನು ಎರಡು ತಿಂಗಳಲ್ಲಿ ಮಠ ಬಿಟ್ಟು ಓಡಿಬಂದ ಸ್ವಾಮಿಯ ಹಾಗೆ ಕಾಣತೊಡಗಿದೆ. ಡಾಕ್ಟರು ಕರೆದು, ಇಲಾಖೆಯ ಮರ್ಯಾದೆಯ ಪ್ರಶ್ನೆ, ಕ್ಷೌರ ಮಾಡಿಸಿಕೊಳ್ಳಿ ಎಂದರು. ಹೆಂಡತಿ ಬಸುರಿ ಸಾರ್ ಎಂದೆ. ಅವರು ಮೈಸೂರು ಕಡೆಯವರು, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಿದರು. ಅದನ್ನೇ ನಾನು ಮನೆಯಲ್ಲಿ ಕೇಳುತ್ತಿದ್ದೇನೆ ಸಾರ್ ಎಂದು ಉತ್ತರ ಕೊಟ್ಟು ಬಂದೆ. ಹಳ್ಳಿಗಳಲ್ಲಿ ಮಾತ್ರ ನನ್ನ ಗಡ್ಡ ನೋಡಿದ ಕೂಡಲೇ ಹೆಂಗಸರು ಎಷ್ಟು ತಿಂಗಳು ಎಂದು ಕೇಳುತ್ತಿದ್ದರು. ನಾನು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ. ತಂದೆಯಾಗುತ್ತಿದ್ದೇನೆ ಎಂಬ ಸುದ್ದಿಯನ್ನು ನಾನು ಹೇಳುವ ಸಂತೋಷವೂ ನನ್ನ ಗಡ್ಡದ ಪಾಲಾಯಿತು.

ಏಳನೆಯ ತಿಂಗಳಲ್ಲಿ ಕುಬಸ ಮಾಡಿದರು. ಹಸಿರು ಸೀರೆ, ಹಸಿರು ಬಳೆ, ದಂಡೆ, ಹೂವು ಎಂದು ಕಮಲಾಳನ್ನು ಗದ್ದುಗೆಯ ಮೇಲೆ ಕೂರಿಸಿ ಹಾಡಿದರು. ಆ ಸಮಾರಂಭದಲ್ಲಿ ನನ್ನ ಕೆಲಸ ನೀರಿನ ಹಂಡೆ ತುಂಬಿಸುವುದಾಗಿತ್ತು. ಮರುದಿನ ಅವಳನ್ನು ತವರುಮನೆಗೆ, ಗಂಗಾವತಿಗೆ, ಕರೆದುಕೊಂಡು ಹೋದರು. ಅವ್ವ ಯಲಬುರ್ಗಾಕ್ಕೆ ಮರಳಿದಳು. ಕುಷ್ಟಗಿಯ ಬಾಡಿಗೆ ಮನೆಯಲ್ಲಿ ನಾನು, ನನ್ನ ಗಡ್ಡ, ಇಬ್ಬರೇ ಉಳಿದೆವು. ಆಗ ನನಗೊಂದು ಹಟ ಬಂತು. ಹುಟ್ಟುವ ಕೂಸು ನನ್ನದೂ ಹೌದಲ್ಲ, ಅದಕ್ಕಾಗಿ ನಾನು ಒಂದಾದರೂ ಕೆಲಸ ಮಾಡಲೇಬೇಕು ಎಂದು ಕಿನ್ನಾಳಕ್ಕೆ ಹೋಗಿ ಹೊಸ ತೊಟ್ಟಿಲಿಗೆ ಹೇಳಿ ಬಂದೆ. ಕಿನ್ನಾಳದ ಚಿತ್ರಗಾರರ ಕೈಗೆಲಸ ಗೊತ್ತಿದ್ದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಕೆಂಪು ಬಣ್ಣದ ನೆಲದ ಮೇಲೆ ಹಸಿರು ಗಿಳಿ, ಅಂಚಿಗೆ ಹಳದಿ ಬಳ್ಳಿ, ನಾಲ್ಕು ಮೂಲೆಗೆ ನಾಲ್ಕು ಮೊಗ್ಗು. ಗಿಳಿಯ ಕೊಕ್ಕು ಹೇಗಿರಬೇಕು ಎಂದು ನಾನು ಆ ಚಿತ್ರಗಾರನ ಜೊತೆ ಅರ್ಧ ದಿನ ಚರ್ಚೆ ಮಾಡಿದೆ. ಪುಣ್ಯಾತ್ಮ, ನಾನು ಹೇಳಿದ್ದನ್ನು ಕೇಳಿದ. ಎಷ್ಟೋ ತಿಂಗಳ ಮೇಲೆ ಒಬ್ಬ ಮನುಷ್ಯ ನನ್ನ ಮಾತಿಗೆ ತಲೆಯಾಡಿಸಿದ್ದ.

ಆ ಸಂತೋಷ ಒಂದು ವಾರ ಬಾಳಲಿಲ್ಲ. ಸುದ್ದಿ ಯಲಬುರ್ಗಾಕ್ಕೂ ಹೋಯಿತು, ಗಂಗಾವತಿಗೂ ಹೋಯಿತು. ನಮ್ಮ ಅವ್ವ ಮತ್ತು ನನ್ನ ಅತ್ತೆ ಮದುವೆಯ ಊಟದಲ್ಲಿ ಬದನೆಕಾಯಿ ಪಲ್ಯ ಕಡಿಮೆ ಬಿದ್ದ ಕಾರಣಕ್ಕೆ ಮಾತು ಬಿಟ್ಟಿದ್ದವರು. ಬೀಗರೆಲ್ಲ ಕೂಡಿ ಎಷ್ಟು ಹೇಳಿದರೂ ರಾಜಿಯಾಗದ ಆ ಇಬ್ಬರು ನನ್ನ ತೊಟ್ಟಿಲ ವಿಷಯದಲ್ಲಿ ಒಂದಾಗಿಬಿಟ್ಟರು. ಹುಟ್ಟದ ಕೂಸಿಗೆ ಹೊಸದನ್ನು ಮಾಡಿಸುತ್ತಾರೆಯೇ, ಚೊಚ್ಚಲ ಕೂಸನ್ನು ಹೊಸ ತೊಟ್ಟಿಲಲ್ಲಿ ಹಾಕುತ್ತಾರೆಯೇ, ಇವನಿಗೆ ಬುದ್ಧಿ ನೆಟ್ಟಗಿದೆಯೇ ಎಂದು ಇಬ್ಬರೂ ಒಂದೇ ದನಿಯಲ್ಲಿ ಮಾತನಾಡಿದರು. ಮಕ್ಕಳು ಮಲಗಿ ಎದ್ದು ಬಾಳಿದ ತೊಟ್ಟಿಲೇ ಆಗಬೇಕಂತೆ. ಅಂಥದ್ದು ಯಲಬುರ್ಗಾದ ಮಾಬೂಬಿ ಅಮ್ಮನ ಮನೆಯಲ್ಲಿದೆಯಂತೆ. ನಾನು ಹೋಗಿ ಅದನ್ನು ಗಂಗಾವತಿಗೆ ಮುಟ್ಟಿಸಬೇಕಂತೆ. ಅಟ್ಟದ ಮೇಲಿಟ್ಟು ಹೆಸರಿಡುವ ದಿನ ಇಳಿಸುತ್ತಾರಂತೆ. ಇಷ್ಟೆಲ್ಲ ತೀರ್ಮಾನವಾದ ಮೇಲೆ ಅವ್ವ ಕುಷ್ಟಗಿಗೆ ಬಂದು ನನಗೆ ತಿಳಿಸಿದಳು. ಕಿನ್ನಾಳದವನಿಗೆ ಏನು ಹೇಳಲಿ ಎಂದರೆ, ಗಿಳಿ ಹಾರಿಹೋಯಿತೆಂದು ಹೇಳು ಎಂದು ಉತ್ತರ.

ಮಾಬೂಬಿ ಅಮ್ಮನ ತೊಟ್ಟಿಲ ಕಥೆ ನನಗೆ ಗೊತ್ತಿರಲಿಲ್ಲವೆಂದಲ್ಲ. ನನಗಿಂತ ಮುಂಚೆ ಅವ್ವನಿಗೆ ಎರಡು ಗಂಡು ಕೂಸು ಹುಟ್ಟಿ ಹೆಸರಿಡುವ ಮೊದಲೇ ಹೋಗಿದ್ದವು. ನಾನು ಹೊಟ್ಟೆಯಲ್ಲಿದ್ದಾಗ ಎದುರು ಮನೆಯ ಮಾಬೂಬಿ ಅಮ್ಮ, ಈ ಸಲ ನನ್ನ ಮಕ್ಕಳ ತೊಟ್ಟಿಲಲ್ಲಿ ಹಾಕು ಎಂದು ತಾನಾಗಿಯೇ ತಂದುಕೊಟ್ಟಳಂತೆ. ಅವಳ ಮಕ್ಕಳೆಲ್ಲ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ ಬೆಳೆದಿದ್ದರು. ನಾನೂ ಬೆಳೆದೆ. ಅಂದಿನಿಂದ ಆ ತೊಟ್ಟಿಲು ಓಣಿಯ ತೊಟ್ಟಿಲಾಯಿತು. ಯಾರಿಗೆ ಬೇಕೋ ಅವರು ಒಯ್ಯುವುದು, ಕೂಸು ನಡೆಯತೊಡಗಿದ ಮೇಲೆ ತಂದಿಡುವುದು. ಬಣ್ಣ ಎಂದೋ ಹೋಗಿತ್ತು. ತೂಗುಹಾಕಲು ಸರಪಳಿ, ನೆಲದ ಮೇಲಿಟ್ಟು ತೂಗಲು ಅಡಿಯಲ್ಲಿ ಎರಡು ಬಾಗಿದ ಮರದ ಪಟ್ಟಿ. ಇದನ್ನು ಬಿಟ್ಟರೆ ಅದರಲ್ಲಿ ನೋಡಲು ಏನೂ ಇರಲಿಲ್ಲ. ನಾನು ಅವ್ವನಿಗೆ ವಿಜ್ಞಾನ ಹೇಳಿದೆ. ಆ ಕೂಸುಗಳು ಹೋದದ್ದು ರೋಗದಿಂದ, ನಾನು ಉಳಿದದ್ದು ನನ್ನ ಗಟ್ಟಿತನದಿಂದ, ಕಟ್ಟಿಗೆಗೆ ಇದರಲ್ಲಿ ಏನು ಪಾತ್ರ ಎಂದು ದವಾಖಾನೆಯ ಭಾಷೆಯಲ್ಲಿ ವಿವರಿಸಿದೆ. ಅವ್ವ ವಾದ ಮಾಡಲಿಲ್ಲ, ಎಮ್ಮೆಯನ್ನೂ ತರಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದು ಹೋದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅದೇ ಸಿಟ್ಟನ್ನು ಹೊತ್ತು ಆ ಭಾನುವಾರ ಗಂಗಾವತಿಗೆ ಹೋಗಿ ಕಮಲಾಳ ಮುಂದೆ ಇಳಿಸಿದೆ. ಹೆಂಡತಿಯಾದರೂ ನನ್ನ ಕಡೆ ನಿಲ್ಲುತ್ತಾಳೆ ಎಂದು ಆಸೆ. ಅವಳು ಹಿತ್ತಲಲ್ಲಿ ಹೊರಸಿನ ಮೇಲೆ ಕೂತು, ಅತ್ತೆ ಸಣ್ಣ ಸಣ್ಣಗೆ ಹರಿದಿಟ್ಟ ಹಳೆಯ ಧೋತರದ ತುಂಡುಗಳನ್ನು ಮಡಚುತ್ತಿದ್ದಳು. ಮುಖ ಊದಿತ್ತು, ಕಾಲೂ ಊದಿತ್ತು. ನಾನು ಗಿಳಿಯಿಂದ ಹಿಡಿದು ಎಮ್ಮೆಯವರೆಗೆ ಎಲ್ಲ ಅನ್ಯಾಯಗಳನ್ನೂ ಹೇಳಿ ಮುಗಿಸುವವರೆಗೆ ಅವಳು ಸುಮ್ಮನೆ ಕೇಳಿದಳು.

"ಎಲ್ಲಾ ಖರೇ ಐತ್ರಿ," ಅಂದಳು. "ಆದ್ರ ನಿಮಗ ಅಂಜಿಕಿ ಬರಂಗಿಲ್ಲೇನು?"

"ಅಂಜಿಕಿ ಯಾಕ? ದಿನಾ ನೋಡ್ತೀನಲ್ಲ ನಾ."

"ಅದಕ್ಕ ಕೇಳಿದ್ನಿ."

ಮತ್ತೆ ಬಟ್ಟೆ ಮಡಚತೊಡಗಿದಳು. ಹೆಂಗಸರು ಹೀಗೆ ಒಂದು ಮಾತನ್ನು ಅರ್ಧಕ್ಕೆ ಬಿಟ್ಟು ಬಟ್ಟೆ ಮಡಚುವುದನ್ನು ಸರಕಾರ ನಿಷೇಧಿಸಬೇಕು. ನಾನು ಅತ್ತೆ ಕೊಟ್ಟ ಚಹಾ ಕುಡಿದು, ಸಿಟ್ಟನ್ನು ಹೊತ್ತುಕೊಂಡೇ ವಾಪಸು ಬಂದೆ.

ಮುಂದಿನ ವಾರ ರಜೆ ಹಾಕಿ ಯಲಬುರ್ಗಾಕ್ಕೆ ಹೋದೆ. ಮಾಬೂಬಿ ಅಮ್ಮ ತೊಟ್ಟಿಲನ್ನು ಬೂದಿ ಹಾಕಿ ತಿಕ್ಕಿ, ಬಿಸಿಲಿಗಿಟ್ಟು ಸಿದ್ಧ ಮಾಡಿದ್ದಳು. ಇದರಾಗ ನೀನು ಎಷ್ಟು ಒದೀತಿದ್ದಿ ಗೊತ್ತೇನು ಎಂದು ಬದಿಯ ಒಂದು ಮುರಿದ ಸರಳನ್ನು ತೋರಿಸಿದಳು. ಎಲ್ಲ ಮುಗಿಯಿತು, ಎತ್ತಿಕೊಂಡು ಬಸ್ಸು ಹತ್ತೋಣ ಎನ್ನುವಷ್ಟರಲ್ಲಿ ಅವ್ವ ನಮ್ಮ ಮನೆಯಿಂದ ಏನನ್ನೋ ಎದೆಗವಚಿಕೊಂಡು ಬಂದಳು. ನಮ್ಮ ಒಳಕಲ್ಲಿನ ಗುಂಡು. ನನಗೆ ಬುದ್ಧಿ ಬಂದಾಗಿನಿಂದ ಚಟ್ನಿ ಅರೆದ ಕಪ್ಪು ಕಲ್ಲು. ಅದಕ್ಕೆ ಎಣ್ಣೆ ಹಚ್ಚಿ, ಅರಿಷಿಣ ಬಳಿದು, ನಾನು ಕೂಸಾಗಿದ್ದಾಗ ಹಾಕುತ್ತಿದ್ದ ಕುಂಚಿಗೆ ತೊಡಿಸಿದ್ದಳು. ಕುಂಚಿಗೆಯ ಕಸೆಯನ್ನು ಗಲ್ಲ ಎಲ್ಲಿರಬೇಕೋ ಅಲ್ಲಿ ಕಟ್ಟಿದ್ದಳು. ಖಾಲಿ ತೊಟ್ಟಿಲು ದಾರಿಯಲ್ಲಿ ತೂಗಬಾರದು, ಅದರಲ್ಲಿ ಯಾರಾದರೂ ಇರಬೇಕು, ಅದಕ್ಕೆ ಇದು ಎಂದಳು. ಹೆಸರಿಡುವ ದಿನ ಗುಂಡುಕಲ್ಲನ್ನು ಕೂಸಿನಂತೆ ಸಿಂಗರಿಸಿ ತೊಟ್ಟಿಲಲ್ಲಿಡುವುದು ನನಗೆ ಗೊತ್ತಿತ್ತು. ಆದರೆ ಅದನ್ನು ಬಸ್ಸಿನಲ್ಲಿ, ಹಾಡುಹಗಲಿನಲ್ಲಿ, ಸರಕಾರಿ ನೌಕರನೊಬ್ಬ ಗಡ್ಡ ಬಿಟ್ಟುಕೊಂಡು ಒಯ್ಯಬೇಕು ಎಂದರೆ? ಬಾಯಿ ತೆರೆದೆ. ಅವ್ವ ನನ್ನ ಮುಖ ನೋಡಲಿಲ್ಲ. ಕಲ್ಲನ್ನು ಮಲಗಿಸಿ, ಅದರ ಮೇಲೆ ಹಗುರಾಗಿ ಕೈಯಿಟ್ಟು, ದಾರಿಯಲ್ಲಿ ಹೀಗೆ ಕೈ ಇಟ್ಟಿರು ಎಂದು ತೋರಿಸಿಕೊಟ್ಟಳು. ನಾನು ಬಾಯಿ ಮುಚ್ಚಿಕೊಂಡು ಬಸ್ಸಿನ ಕಡೆ ನಡೆದೆ.

ಬಸ್ಸಿನಲ್ಲಿ ಜನ ನಗುತ್ತಾರೆ ಎಂದು ನಾನು ಮೊದಲೇ ಸಿಟ್ಟಾಗಿ ಕೂತಿದ್ದೆ. ನಗುವವರಿಗೆ ಕೊಡಬೇಕಾದ ಉತ್ತರಗಳನ್ನೂ ಜೋಡಿಸಿಟ್ಟುಕೊಂಡಿದ್ದೆ. ಕಂಡಕ್ಟರು ಬಂದು ಇದಕ್ಕೆ ಲಗೇಜು ಚೀಟಿ ಹರಿಯಬೇಕು ಎಂದ. ಮೊದಲು ಒಳಗೇನಿದೆ ನೋಡಪ್ಪಾ ಎಂದೆ. ಬಗ್ಗಿ ನೋಡಿದ. ಚೀಟಿಯ ಪೆಟ್ಟಿಗೆಯನ್ನು ಬಗಲಿಗೆ ಸರಿಸಿ, ಚೊಚ್ಚಲೇನ್ರಿ ಎಂದು ಮೆಲ್ಲಗೆ ಕೇಳಿ ಮುಂದೆ ಹೋದ. ನಗಲಿಲ್ಲ. ಮುಂದಿನ ಸೀಟಿನ ಹೆಂಗಸು ತಿರುಗಿ ಕುಂಚಿಗೆಯ ಕಸೆ ಸಡಿಲವಾಗಿದೆ ಎಂದು ಬಿಗಿದು ಕಟ್ಟಿದಳು. ಇನ್ನೊಬ್ಬಳು ಬಿಸಿಲು ಬೀಳುತ್ತದೆಂದು ಕಿಟಕಿಗೆ ತನ್ನ ಸೆರಗನ್ನು ಅಡ್ಡ ಹಿಡಿದಳು. ಯಾರಿಗೆ ಬಿಸಿಲು? ಕಲ್ಲಿಗೆ. ಅದು ಹುಟ್ಟಿದ್ದೇ ಬಿಸಿಲಿನಲ್ಲಿ. ಒಬ್ಬ ರೈತ ತನ್ನ ಮೂಟೆಯನ್ನು ತೊಟ್ಟಿಲಿನಿಂದ ದೂರ ಸರಿಸಿಕೊಂಡು, ಕೈ ತೆಗೀಬ್ಯಾಡ್ರಿ, ಮುಂದ ರಸ್ತೆ ಭಾಳ ಕೆಟ್ಟೈತಿ ಎಂದು ನನ್ನನ್ನೇ ಎಚ್ಚರಿಸಿದ. ಇಡೀ ಬಸ್ಸಿನಲ್ಲಿ ಒಬ್ಬನೇ ಒಬ್ಬ ಮನುಷ್ಯನಿಗೂ ಇದು ನಗುವ ವಿಷಯ ಎನ್ನಿಸಲಿಲ್ಲ. ನಾನು ಜೋಡಿಸಿಟ್ಟ ಉತ್ತರಗಳೆಲ್ಲ ವ್ಯರ್ಥವಾದವು. ನಕ್ಕಿದ್ದರೆ ಜಗಳ ಮಾಡಬಹುದಿತ್ತು. ಹೀಗೆ ಎಲ್ಲರೂ ಒಳ್ಳೆಯವರಾಗಿ ನಡೆದುಕೊಂಡರೆ ವಿಚಾರವಂತನಾದವನು ಯಾರ ಜೊತೆ ಜಗಳವಾಡಬೇಕು?

ಕೊಪ್ಪಳದಲ್ಲಿ ಬಸ್ಸು ಬದಲಿಸಬೇಕು. ಸ್ಟ್ಯಾಂಡಿನಲ್ಲಿ ನನ್ನ ಪರಿಚಯದ ಒಬ್ಬ ಚಹಾದಂಗಡಿಯವನಿದ್ದ. ಅವನ ಆಕಳಿಗೆ ನಾನು ಔಷಧ ಕೊಟ್ಟಿದ್ದೆ. ಅವನ ಬೆಂಚಿನ ಪಕ್ಕ ತೊಟ್ಟಿಲು ಇಳಿಸಿದಾಗ ನನ್ನ ತೋಳು ಕಿತ್ತು ಬರುತ್ತಿತ್ತು. ಗುಂಡು ಅಷ್ಟು ಭಾರ. ಅಲ್ಲಿ, ಒಂದು ಬಶಿ ಚಹಾ ಒಳಗೆ ಹೋದ ಮೇಲೆ, ಎಷ್ಟೋ ತಿಂಗಳಿಂದ ನುಂಗಿಟ್ಟದ್ದೆಲ್ಲ ನನ್ನಲ್ಲಿ ಎದ್ದು ನಿಂತಿತು. ಇದು ನನ್ನ ಕೂಸು. ನಾನು ಓದಿದವನು. ಹೆಸರಿಡುವ ದಿನಕ್ಕೆ ಅತ್ತೆಯ ಮನೆಯಲ್ಲೇ ಬೇಕಾದಷ್ಟು ಗುಂಡುಗಳಿವೆ, ಅತ್ತ ಅವ್ವ ಚಟ್ನಿಯಿಲ್ಲದೆ ಒಣ ರೊಟ್ಟಿ ತಿನ್ನುತ್ತ ಕೂತಿರುತ್ತಾಳೆ. ಈ ಮೂಢತನವನ್ನು ಎಲ್ಲಾದರೂ ಒಂದು ಕಡೆ ನಿಲ್ಲಿಸಬೇಕು, ಅದನ್ನು ಕೊಪ್ಪಳದಲ್ಲೇ ನಿಲ್ಲಿಸುತ್ತೇನೆ ಎಂದು ನಿಶ್ಚಯಿಸಿದೆ. ಕಲ್ಲನ್ನು ಎತ್ತಿ ಚಹಾದಂಗಡಿಯವನ ಕೈಗೆ ಕೊಟ್ಟು, ಸಂಜೆಯ ಬಸ್ಸಿಗೆ ಯಲಬುರ್ಗಾಕ್ಕೆ ಕಳಿಸು ಎಂದೆ. ಅವನು ಬೆದರಿದ. ಬ್ಯಾಡ್ರಿ ಡಾಕ್ಟ್ರ, ಗಂಗಾವತಿ ಮುಟ್ಟೂತನಕ ಇರ್ಲಿ ಎಂದು ಕಲ್ಲನ್ನು ಮರಳಿ ಮಲಗಿಸಲು ನೋಡಿದ. ನಾನು ಅವನಿಗೆ ಒಂದು ಭಾಷಣ ಮಾಡಿದೆ. ಬಸ್ಸಿಗೆ ಕಾಯುತ್ತಿದ್ದವರೂ ಕೇಳಿದರು. ವಿಜ್ಞಾನ ಎಂಬ ಶಬ್ದ ಆ ಬೆಂಚಿನ ಸುತ್ತ ಅಷ್ಟು ಸಲ ಹಿಂದೆಂದೂ ಕೇಳಿಬಂದಿರಲಿಕ್ಕಿಲ್ಲ. ಅವನು ಕುಂಚಿಗೆ ಹಾಕಿದ ಕಲ್ಲನ್ನು ಎದೆಗವಚಿಕೊಂಡು, ಒಲೆಯ ಬಿಸಿ ತಾಗದ ಕಡೆ ಇಡಲು ಜಾಗ ಹುಡುಕತೊಡಗಿದ. ನಾನು ಹಗುರಾದ ತೊಟ್ಟಿಲನ್ನು ಹೆಗಲಿಗೇರಿಸಿ ಗಂಗಾವತಿಯ ಬಸ್ಸು ಹತ್ತಿದೆ. ನಿಜ ಹೇಳುತ್ತೇನೆ, ಮದುವೆಯ ದಿನವೂ ನಾನು ಅಷ್ಟು ಎದೆಯುಬ್ಬಿಸಿ ನಡೆದಿರಲಿಲ್ಲ.

ಹಿಂದಿನ ಸೀಟಿನ ಮುಂದಿನ ಬಯಲು ಜಾಗದಲ್ಲಿ ತೊಟ್ಟಿಲಿಟ್ಟೆ. ನನ್ನ ಪಕ್ಕ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದಳು. ಬಸ್ಸು ಹೊರಟಿತು, ತೊಟ್ಟಿಲು ಬಾಗಿದ ಪಟ್ಟಿಯ ಮೇಲೆ ಹಿಂದೆ ಮುಂದೆ ತೂಗತೊಡಗಿತು. ಆಕೆ ಒಳಗೆ ಇಣುಕಿ ನೋಡಿದಳು, ನನ್ನ ಗಡ್ಡ ನೋಡಿದಳು. ಚಪ್ಪಲಿ ಬಿಟ್ಟು, ಬರಿಗಾಲನ್ನು ಅದರ ಪಟ್ಟಿಯ ಮೇಲಿಟ್ಟು ಅದುಮಿದಳು. ತೊಟ್ಟಿಲು ನಿಂತಿತು. ನಾನು ಕಿಟಕಿಯ ಹೊರಗೆ ನೋಡತೊಡಗಿದೆ. ಅವಳಿಗೂ ಭಾಷಣ ಮಾಡಬೇಕೆಂದಿದ್ದೆ, ಆದರೆ ಅವಳು ಯಾಕೆ ಖಾಲಿ ಎಂದು ಕೇಳಲೇ ಇಲ್ಲವಲ್ಲ. ಗಿಣಿಗೇರಾದಲ್ಲಿ ಇಳಿಯಲು ಎದ್ದು ನಿಂತು, "ಯಪ್ಪಾ, ಇನ್ನ ನೀ ಕಾಲಿಡು," ಎಂದಳು.

ಇಡಲಿಲ್ಲ. ನಾನು ತತ್ವ ಬಿಡುವವನಲ್ಲ. ಬಸ್ಸು ಮತ್ತೆ ಹೊರಟಿತು, ಅವಳ ಕಾಲಿಲ್ಲದ ತೊಟ್ಟಿಲು ಮತ್ತೆ ತೂಗತೊಡಗಿತು. ಯಾರೋ ಒಳಗಿದ್ದಾರೆ ಎನ್ನುವಷ್ಟು ಹದವಾಗಿ ತೂಗುತ್ತಿತ್ತು. ನಾನು ನೋಡಬಾರದೆಂದು ಕೂತರೂ ನೋಡಿದೆ. ಆ ಹಿಂದಿನ ವಾರ ಒಂದು ಹಳ್ಳಿಯಲ್ಲಿ ಎಲ್ಲ ಸರಿಯಾಗಿ ನಡೆದು, ತಲೆ ಸರಿಯಾಗಿ ಬಂದು, ಕೊನೆಗೆ ನನ್ನ ಕೈಗೆ ಬಂದ ಕರು ಉಸಿರಾಡಿರಲಿಲ್ಲ. ಮೂಗು ಒರೆಸಿದೆ, ತಲೆಕೆಳಗೆ ಹಿಡಿದೆ, ಎದೆ ತಿಕ್ಕಿದೆ. ಏನೂ ತಪ್ಪಾಗಿರಲಿಲ್ಲ, ಸುಮ್ಮನೆ ಉಸಿರಾಡಲಿಲ್ಲ. ಎಮ್ಮೆ ತಿರುಗಿ ಅದನ್ನು ನೆಕ್ಕುತ್ತಲೇ ಇತ್ತು. ಕಮಲಾ ಹಿತ್ತಲಲ್ಲಿ ಕೂತು ಏನು ಕೇಳಿದ್ದಳು ಎಂಬುದು ನನಗೆ ಆ ಬಸ್ಸಿನಲ್ಲಿ ತಿಳಿಯಿತು. ದಿನಾ ನೋಡುವವನಿಗೇ ಅಂಜಿಕೆ ಹೆಚ್ಚು. ಏನೇನು ಆಗಬಹುದು ಎಂದು ಹೆಸರು ಹಿಡಿದು ಹೇಳಬಲ್ಲವನು ನಾನೊಬ್ಬನೇ. ಎಷ್ಟೋ ತಿಂಗಳಿಂದ ನಾನು ತಪ್ಪಲು, ಸುಣ್ಣ, ಗಿಳಿ ಎಂದು ಎಲ್ಲರ ಮೇಲೆ ಹರಿಹಾಯುತ್ತಿದ್ದದ್ದು ಈ ಅಂಜಿಕೆಯ ಮೇಲೆ ಮುಸುಕು ಹಾಕಲಿಕ್ಕೆ. ಪಟ್ಟಿಯ ಮೇಲೆ ಕಾಲಿಟ್ಟೆ. ಸಾಲದೆನ್ನಿಸಿ ಎರಡೂ ಕೈಯಿಂದ ಹಿಡಿದೆ. ತೊಟ್ಟಿಲು ನಿಂತಿತು, ಆದರೆ ಖಾಲಿಯೇ ಇತ್ತು.

"ನಿಲ್ಲಸ್ರಿ," ಎಂದು ಕೂಗಿದೆ.

ಕಂಡಕ್ಟರು ಇಲ್ಲಿ ಸ್ಟಾಪಿಲ್ಲ ಎಂದ. ನಾನು ಎದ್ದು ನಿಂತು, ಇಳಿಯುವುದಲ್ಲ, ಒಂದು ಕಲ್ಲು ಬೇಕು ಎಂದೆ. ಕಲ್ಲು ಯಾಕೆ ಎಂದು ಅವನು ಕೇಳುವ ಮೊದಲೇ ಹಿಂದೆ ತಿರುಗಿ ನೋಡಿದ ಹೆಂಗಸರು ತೊಟ್ಟಿಲು ಖಾಲಿ ಇರುವುದನ್ನು ಕಂಡರು. ಆಮೇಲೆ ನಾನು ಮಾತಾಡಬೇಕಾಗಲಿಲ್ಲ. ಕೂಸಿನ ತೊಟ್ಟಿಲನ್ನು ಖಾಲಿ ತಂದಿದ್ದಾನಲ್ಲ, ಇವನ ಮನೆಯಲ್ಲಿ ಹಿರಿಯರಿಲ್ಲವೇ ಎಂದು ಇಡೀ ಬಸ್ಸು ನನಗೆ ಬೈಯಿತು. ಡ್ರೈವರು ಬಸ್ಸನ್ನು ರಸ್ತೆಯ ಮಗ್ಗುಲಿಗೆ ತೆಗೆದುಕೊಂಡು ಎಂಜಿನ್ನನ್ನೂ ನಿಲ್ಲಿಸಿದ. ನಾನು ಇಳಿದು ಬಿಸಿಲಿನಲ್ಲಿ ಹುಡುಕತೊಡಗಿದೆ. ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವೇ? ಆದರೆ ಅಂದು ಒಂದೂ ಮನಸ್ಸಿಗೆ ಬರಲಿಲ್ಲ. ಒಂದು ಸಣ್ಣದು, ಒಂದು ಚೂಪು, ಒಂದು ಬಿರುಕು ಬಿಟ್ಟದ್ದು. ಬಿರುಕು ಬಿಟ್ಟದ್ದನ್ನು ಕೈಯಲ್ಲಿ ಹಿಡಿದವನೇ ಬೆದರಿ ಕೆಳಗೆ ಬಿಟ್ಟೆ. ಕಿಟಕಿಗಳಿಂದ ಸಲಹೆಗಳು ಬರುತ್ತಿದ್ದವು. ಕೊನೆಗೆ ಮೋರಿಯ ಪಕ್ಕ ಮಳೆನೀರಿಗೆ ಸವೆದು ದುಂಡಗಾದ ಬೂದು ಬಣ್ಣದ ಒಂದು ಕಲ್ಲು ಸಿಕ್ಕಿತು. ನನ್ನ ಟವೆಲಿನಿಂದ ಮಣ್ಣು ಒರೆಸಿ, ಅದೇ ಟವೆಲಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಬಸ್ಸು ಹತ್ತಿದೆ. ಗಂಡಸರು ಕಾಲು ಸರಿಸಿ ದಾರಿ ಬಿಟ್ಟರು. ತಲೆ ಕಿಟಕಿಯ ಕಡೆ ಬರುವಂತೆ ಮಲಗಿಸಿದೆ. ಕಲ್ಲಿಗೆ ತಲೆ ಎಲ್ಲಿ ಎಂದು ಕೇಳಬೇಡಿ, ಅಂದು ನನಗೆ ಗೊತ್ತಿತ್ತು. ಗಂಗಾವತಿಯವರೆಗೆ ಕೈ ತೆಗೆಯಲಿಲ್ಲ.

ಅತ್ತೆ ಬಾಗಿಲಲ್ಲೇ ತೊಟ್ಟಿಲು ಇಳಿಸಿಕೊಂಡು ಟವೆಲು ಸರಿಸಿ ನೋಡಿದರು. ಇದು ಬೀಗಿತಿಯ ಮನೆಯ ಗುಂಡಲ್ಲ ಎಂದು ಅವರಿಗೆ ಗೊತ್ತಾಗದೆ ಇರಲಿಲ್ಲ. ನನ್ನ ಮೊಣಕಾಲಿಗೆ ಹತ್ತಿದ ಮಣ್ಣು ನೋಡಿ, ಕಲ್ಲಿಗೂ ನನಗೂ ಕೂಡಿಸಿ ಆರತಿ ಎತ್ತಿದರು. ಕಮಲಾ ಮಾತ್ರ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು ಕಲ್ಲನ್ನು ನೋಡಿ, ನನ್ನನ್ನು ನೋಡಿ, ಬಹಳ ಹೊತ್ತು ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ತಿಂಗಳೊಳಗೆ ಮಗಳು ಹುಟ್ಟಿದಳು. ಹುಟ್ಟಿದ ಕೂಡಲೇ ಕಿರುಚಿದಳಂತೆ. ನಾನು ಊರಲ್ಲಿರಲಿಲ್ಲ, ಒಬ್ಬ ಗೌಡರ ಎಮ್ಮೆಯ ಹತ್ತಿರ ಇದ್ದೆ. ಅದನ್ನೂ ಯಾರೂ ನನಗೆ ಮೊದಲು ಹೇಳಲಿಲ್ಲ, ಬಸ್ಸಿನ ಕಂಡಕ್ಟರು ಹೇಳಿದ.

ನನ್ನ ಮಾತನ್ನು ಇಂದಿಗೂ ಹೆರಿಗೆಯ ವಿಷಯದಲ್ಲಿ ಯಾರೂ ಕೇಳುವುದಿಲ್ಲ. ಆದರೆ ಬಳಗದಲ್ಲಿ ಯಾರು ಚೊಚ್ಚಲ ಬಸುರಿಯಾದರೂ ತೊಟ್ಟಿಲು ತರುವ ಹೊತ್ತಿಗೆ, ಎಂಥ ಕಲ್ಲಿಡಬೇಕು ಕೇಳಿ ಬಾ ಎಂದು ನನ್ನ ಹತ್ತಿರ ಕಳಿಸುತ್ತಾರೆ. ನಾನು ಪ್ರತಿ ಸಲವೂ ಮೊದಲು ಸಿಟ್ಟಾಗುತ್ತೇನೆ. ಸರಕಾರಿ ದವಾಖಾನೆಯ ನೌಕರನನ್ನು ಕೇಳುವ ಪ್ರಶ್ನೆಯೇ ಇದು ಎಂದು ಗುಡುಗುತ್ತೇನೆ. ಅವರು ತಲೆ ತಗ್ಗಿಸಿ ಕಾಯುತ್ತಾರೆ. ಆಮೇಲೆ, ದುಂಡಗಿರಲಿ, ಆದರೆ ಒಂದು ಮಗ್ಗುಲು ಚಪ್ಪಟೆಯಿರಲಿ, ಉರುಳಬಾರದು, ಬಿರುಕಿದ್ದರೆ ಮುಟ್ಟಲೇಬೇಡಿರಿ ಎಂದು ಹೇಳಿ ಕಳಿಸುತ್ತೇನೆ. ಮೊನ್ನೆ ಕಮಲಾಳ ತಮ್ಮ ಬಂದಿದ್ದ. ಕಾಲುವೆ ಆಫೀಸಿನಲ್ಲಿ ಎಂಜಿನಿಯರು, ಅವನ ಹೆಂಡತಿಗೆ ಈಗ ತಿಂಗಳು ತುಂಬಿದೆ. ಅವನ ಗಡ್ಡವೂ ಎದೆಗೆ ಬಂದಿದೆ. ತೊಟ್ಟಿಲಲ್ಲಿ ಕಲ್ಲು ಹೊತ್ತುಕೊಂಡು ಹೋಗುವುದು ನಾಚಿಕೆಗೇಡು, ನೀವಾದರೂ ವಿಚಾರವಂತರು, ಮನೆಯವರಿಗೆ ಬುದ್ಧಿ ಹೇಳಿರಿ ಎಂದು ನನ್ನ ಮುಂದೆ ಕೂಗಾಡಿದ. ಅವನ ಒಂದೊಂದು ಮಾತೂ ಸರಿಯಿತ್ತು. ವಿಜ್ಞಾನವೂ ನೆಟ್ಟಗಿತ್ತು. ಕೇಳುತ್ತ ಕೇಳುತ್ತ ನನ್ನ ಸಿಟ್ಟು ನೆತ್ತಿಗೇರಿತು. ಇಂಥವನ ಕೈಯಲ್ಲಿ ತೊಟ್ಟಿಲು ಕೊಟ್ಟು ನಂಬುವುದು ಹೇಗೆ ಎಂದು ದವಾಖಾನೆಗೆ ರಜೆ ಚೀಟಿ ಬರೆದುಕೊಟ್ಟು, ಅವನ ಜೊತೆ ನಾನೇ ಬಸ್ಸು ಹತ್ತಿದೆ.